ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಪಿಎಸ್‌ಪಿಯಲ್ಲಿ ದೈತ್ಯ ಮೃಗಗಳನ್ನು ಬೇಟೆಯಾಡುವ ಮಾನ್‌ಸ್ಟರ್ ಹಂಟರ್ ಫ್ರೀಡಂ ಯುನೈಟ್ ಆಟದ ಬಗ್ಗೆ ಆಟಗಾರರ ಅಭಿಪ್ರಾಯ ಯಾಕೆ ಇಷ್ಟು ಬೇರೆ ಬೇರೆ?

ಕೆಲವರಿಗೆ ಇದು ಪ್ರಾಣ. ಕೆಲವರು ಮೊದಲ ದಿನವೇ ಬಿಟ್ಟುಬಿಡುತ್ತಾರೆ. ಇಬ್ಬರ ಮಾತಲ್ಲೂ ಹುರುಳಿದೆ.

ಬೈಗುಳ ಜಾಸ್ತಿ ಬೀಳುವುದು ಕ್ಯಾಮೆರಾಗೆ. ಪಿಎಸ್‌ಪಿಗೆ ಬಲಗಡೆ ಅನಲಾಗ್ ಸ್ಟಿಕ್ ಇಲ್ಲ. ನಡೆಯುವ ಸ್ಟಿಕ್, ಕ್ಯಾಮೆರಾ ತಿರುಗಿಸುವ ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್) ಎರಡೂ ಎಡಗಡೆಯೇ. ಹಾಗಾಗಿ ಹೆಬ್ಬೆರಳು ಸ್ಟಿಕ್ ಮೇಲಿರುವಾಗಲೇ ತೋರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ಡಿ-ಪ್ಯಾಡ್ ಒತ್ತಬೇಕು. ಈ ಹಿಡಿತಕ್ಕೆ ಆಟಗಾರರು 'ಕ್ಲಾ' (ಉಗುರುಪಂಜ) ಅಂತಲೇ ಹೆಸರಿಟ್ಟರು. ಕೈ ನೋಯುತ್ತೆ, ಸುಳ್ಳಲ್ಲ. ಕ್ಯಾಮೆರಾವನ್ನು ತಾನಾಗಿ ಮೃಗದ ಮೇಲೆ ನಿಲ್ಲಿಸುವ ಲಾಕ್-ಆನ್ ಕೂಡ ಇಲ್ಲ. ಔಷಧಿ ಕುಡಿದು ತೋಳು ಮಡಚಿ ಪೋಸ್ ಕೊಡುತ್ತಿರುವ ಬೇಟೆಗಾರನನ್ನು ಟೈಗ್ರೆಕ್ಸ್ ಎಂಬ ಮೃಗ ಗುದ್ದಿಕೊಂಡು ಹೋದರೆ ಸಿಟ್ಟು ಬರದೇ ಇರುತ್ತಾ?

ಮೆಚ್ಚುವವರಿಗೆ ಇಷ್ಟವಾಗುವುದೂ ಈ ಕಷ್ಟವೇ. ಇಲ್ಲಿ ಪಾತ್ರದ ಲೆವೆಲ್ ಏರುವುದಿಲ್ಲ. ಮೃಗದ ನಡೆಯನ್ನು ನೀವೇ ಕಲಿಯಬೇಕು, ಅದರ ಚರ್ಮ, ಮೂಳೆಯಿಂದ ಕವಚ ಮಾಡಿಸಿಕೊಳ್ಳಬೇಕು.

2008ರಲ್ಲಿ ಜಪಾನಿನಲ್ಲಿ ಬಂದಾಗ ನಾಲ್ವರು ಹತ್ತಿರ ಕೂತು ವೈರ್‌ಲೆಸ್‌ನಲ್ಲಿ ಒಟ್ಟಿಗೆ ಆಡುತ್ತಿದ್ದರು. ಅಲ್ಲಿ ಈ ಆಟದ ಮೇಲೆ ಹುಟ್ಟಿದ ಹುಚ್ಚಿಗೆ ಮುಖ್ಯ ಕಾರಣ ಇದೇ ಅನ್ನುವುದು ನನ್ನ ಅನಿಸಿಕೆ. ಪಕ್ಕದಲ್ಲಿ ಪಿಎಸ್‌ಪಿ ಇರುವ ಗೆಳೆಯರಿಲ್ಲದವರಿಗೆ ಉಳಿಯುವುದು ಬೆಕ್ಕು ಜೊತೆಗಾರ ಮಾತ್ರ. ಗುಂಪಿನಲ್ಲಿ ಆಡಲೆಂದಿರುವ ಗಿಲ್ಡ್ ಕ್ವೆಸ್ಟ್‌ಗಳಲ್ಲಂತೂ (ಕ್ವೆಸ್ಟ್ ಅಂದರೆ ಆಟ ಕೊಡುವ ಬೇಟೆಯ ಕೆಲಸ) ನೀವು ಒಬ್ಬರೇ ಇದ್ದೀರಿ ಅಂತ ಮೃಗದ ಜೀವಬಲ ಕಮ್ಮಿಯಾಗುವುದಿಲ್ಲ. ಒಂಟಿಯಾಗಿ ಆಡುವುದಾದರೆ ಒಬ್ಬರೇ ಆಡಲೆಂದಿರುವ ಹಳ್ಳಿಯ ಕ್ವೆಸ್ಟ್‌ಗಳಿಂದ ಶುರು ಮಾಡಿ.