ಕೇಳದೆ ಉಳಿದ ಸಂಗೀತದ ರಾಶಿ: ದೊಡ್ಡ ಡಿಸ್ಕ್ ಕೊಳ್ಳುವ ಮುನ್ನ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 2 ಟಿಬಿಯ ಹಾರ್ಡ್ ಡಿಸ್ಕ್ ತುಂಬುತ್ತಾ ಬಂದಿದೆ, ಅದರಲ್ಲಿರುವುದು ಹೆಚ್ಚಿನಂಶ ಧ್ವನಿಯ ಗುಣ ಕೆಡದಂತೆ ಗಾತ್ರ ಕುಗ್ಗಿಸುವ ಫ್ಲಾಕ್ ಫೈಲ್‌ಗಳು, ತಿಂಗಳಿಗೆ ಸುಮಾರು ನಲವತ್ತು ಆಲ್ಬಮ್‌ಗಳು ಸೇರುತ್ತಲೇ ಇವೆ, ಕೇಳಿರುವುದು ಮಾತ್ರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಹೀಗಿರುವಾಗ 8 ಟಿಬಿಯ ಡಿಸ್ಕ್ ಕೊಳ್ಳಬೇಕೇ, ಇಲ್ಲವೇ ಎಲ್ಲವನ್ನೂ ಅಳಿಸಿ ಸ್ಟ್ರೀಮಿಂಗ್‌ಗೆ ಹೋಗಿಬಿಡಬೇಕೇ ಎಂದು ಕೇಳಿದ್ದೀರಿ. ಮೇಲಿನ ಉತ್ತರಗಳಲ್ಲಿ ಕೆಲವರು ಕೊಳ್ಳಿ ಎಂದಿದ್ದಾರೆ, ಕೆಲವರು ಅಳಿಸಿ ಎಂದಿದ್ದಾರೆ. ಎರಡಕ್ಕೂ ಮೊದಲು ನಿಮ್ಮಲ್ಲಿರುವುದು ನಿಜವಾಗಿ ಏನು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೇಳದೆ ಇಟ್ಟ ಫೈಲ್ ಎಂದರೆ ಪರೀಕ್ಷಿಸದೆ ಇಟ್ಟ ಫೈಲ್.

ಮೊದಲು ಒಂದಿಷ್ಟು ಲೆಕ್ಕ ಹಾಕೋಣ. ಸಿಡಿ ಗುಣಮಟ್ಟದ ಸ್ಟೀರಿಯೊ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ಗಂಟೆಗೆ ಸುಮಾರು 635 ಎಂಬಿ. ಫ್ಲಾಕ್ ಅದನ್ನು ಅರ್ಧಕ್ಕಿಂತ ತುಸು ಹೆಚ್ಚಿನ ಗಾತ್ರಕ್ಕೆ ಇಳಿಸುತ್ತದೆ. ಗಂಟೆಗೆ 370 ಎಂಬಿ ಎಂದಿಟ್ಟುಕೊಂಡರೆ ನಿಮ್ಮ 1.9 ಟಿಬಿಯಲ್ಲಿ ಹೆಚ್ಚುಕಡಿಮೆ 5,100 ಗಂಟೆಗಳ ಸಂಗೀತವಿದೆ. ದಿನಕ್ಕೆ ಒಂದೂವರೆ ಗಂಟೆ ಮನಸ್ಸಿಟ್ಟು ಕೇಳುವವರು ನೀವಾದರೆ, ಯಾವುದನ್ನೂ ಎರಡನೆಯ ಸಲ ಕೇಳದೆ ಇದ್ದರೂ ಇದು ಒಂಬತ್ತು ವರ್ಷಕ್ಕೂ ಮೇಲ್ಪಟ್ಟ ಬಾಬತ್ತು. ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ದೊಡ್ಡ ಸಂಖ್ಯೆಯಲ್ಲ, ತಿಂಗಳಿಗೆ ನಲವತ್ತು ಎಂಬ ಚಿಕ್ಕ ಸಂಖ್ಯೆ. ಅದೇ ಲೆಕ್ಕದಲ್ಲಿ ನೀವು ತಿಂಗಳಿಗೆ ಕೇಳಬಲ್ಲದ್ದು 45 ಗಂಟೆ, ಹೊಸದಾಗಿ ಬರುತ್ತಿರುವುದು ಹತ್ತಿರ ಹತ್ತಿರ 40 ಗಂಟೆ. ಬಂದದ್ದನ್ನು ಒಮ್ಮೆ ಕೇಳಿ ಮುಗಿಸುವುದರಲ್ಲೇ ತಿಂಗಳು ಕಳೆದುಹೋಗುತ್ತದೆ. ಹಳೆಯದಕ್ಕಾಗಲಿ, ಇಷ್ಟಪಟ್ಟದ್ದನ್ನು ಮತ್ತೆ ಕೇಳುವುದಕ್ಕಾಗಲಿ ಉಳಿಯುವುದು ಐದೇ ಗಂಟೆ. 2001ರ ಮೊದಲ ಐಪಾಡ್ 5 ಜಿಬಿಯಲ್ಲಿ ಸಾವಿರ ಹಾಡು ಎಂದು ಹೇಳಿಕೊಂಡು ಬಂದಿತ್ತು. ಹಾಡಿಗೆ ನಾಲ್ಕು ನಿಮಿಷದಂತೆ ಅದು ಸುಮಾರು 66 ಗಂಟೆ, ನಿಮ್ಮಲ್ಲಿ ಎರಡು ತಿಂಗಳಿಗೂ ಮೊದಲೇ ಸೇರಿಬಿಡುವಷ್ಟು.

ಸಂಗ್ರಹಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹುಡುಕುವುದು, ಮುಖಪುಟ ಹೊಂದಿಸುವುದು, ಕಲಾವಿದರ ಹೆಸರುಗಳನ್ನು ತಿದ್ದುವುದು, ಇವೆಲ್ಲ ತಮ್ಮಷ್ಟಕ್ಕೇ ಸುಖ ಕೊಡುವ ಕೆಲಸಗಳು. ನಾನೂ ಎಷ್ಟೋ ರಾತ್ರಿಗಳನ್ನು ಹಾಗೆಯೇ ಕಳೆದಿದ್ದೇನೆ. ಅದನ್ನು ಸಂಗೀತ ಕೇಳಿದ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೆ ಎಂಬುದಷ್ಟೇ ನನ್ನ ತಪ್ಪು.

ಆ ತಪ್ಪಿಗೆ ತೆತ್ತ ಬೆಲೆಯನ್ನು ಹೇಳಿದರೆ ಉಳಿದ ಸಲಹೆಗಳ ಕಾರಣ ತಿಳಿಯುತ್ತದೆ. ರೇಡಿಯೊದಿಂದ ಹಿಡಿದಿಟ್ಟಿದ್ದ ಕೊಳಲು ವಾದನದ ಒಂದು ಸಿ-90 ಕ್ಯಾಸೆಟ್ ನನ್ನಲ್ಲಿತ್ತು, ಬದಿಗೆ 45 ನಿಮಿಷ. ಒಂದು ಸಂಜೆ ಅದನ್ನು ಕಂಪ್ಯೂಟರಿಗೆ ಇಳಿಸಿದೆ. ಎ ಬದಿಯನ್ನು ಪಕ್ಕದಲ್ಲೇ ಕುಳಿತು ಕೇಳಿದೆ. ಬಿ ಬದಿಯನ್ನು ಓಡಲು ಬಿಟ್ಟು ಬೇರೆ ಕೆಲಸಕ್ಕೆ ಎದ್ದುಹೋದೆ. ಎರಡೂ ಫೈಲ್‌ಗಳಿಗೆ ಒಪ್ಪವಾಗಿ ಹೆಸರು ಕೊಟ್ಟು, ರಾಗ, ಕಲಾವಿದರು, ಪಕ್ಕವಾದ್ಯ ಎಲ್ಲವನ್ನೂ ನಮೂದಿಸಿ ಎತ್ತಿಟ್ಟೆ. ಮನೆ ಬದಲಿಸುವಾಗ, ಡಿಜಿಟಲ್ ಆಗಿದೆಯಲ್ಲ ಎಂಬ ಧೈರ್ಯದಲ್ಲಿ ಕ್ಯಾಸೆಟ್ಟನ್ನು ಎಸೆದೂಬಿಟ್ಟೆ. ಎಂಟು ವರ್ಷಗಳ ಮೇಲೆ ಬಿ ಬದಿಯನ್ನು ಹಾಕಿದರೆ ಹನ್ನೊಂದನೆಯ ನಿಮಿಷದಲ್ಲಿ ಟಪ್ ಎಂಬ ಸದ್ದು, ಅಲ್ಲಿಂದಾಚೆಗೆ ಬರಿಯ ಮೌನ. ತಂತಿಯ ಜಾಕ್ ಸಡಿಲಗೊಂಡಿತ್ತು. ಮೌನವನ್ನು ಫ್ಲಾಕ್ ಬಹಳ ಕುಗ್ಗಿಸುವುದರಿಂದ ಬಿ ಬದಿಯ ಫೈಲ್ ಎ ಬದಿಯದರ ಅರ್ಧದಷ್ಟೂ ಇರಲಿಲ್ಲ. ಆ ಎರಡು ಅಂಕಿಗಳು ಎಂಟು ವರ್ಷ ಒಂದರ ಕೆಳಗೊಂದು ನನ್ನ ಕಣ್ಣೆದುರಿಗೇ ಇದ್ದವು.

ಆದ್ದರಿಂದ ಇಂದೇ ಮಾಡಬಹುದಾದ ಮೊದಲ ಕೆಲಸವೆಂದರೆ ಮುಖ್ಯ ಸಂಗ್ರಹದ ಹೊರಗೆ 'ಬಂದದ್ದು' ಎಂಬ ಒಂದು ಫೋಲ್ಡರ್ ತೆರೆಯುವುದು. ಹೊಸದಾಗಿ ಸಿಕ್ಕಿದ್ದೆಲ್ಲವೂ ಅಲ್ಲಿಗೇ ಬರಲಿ. ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿದ ಬಳಿಕವೇ ಅದು ಮುಖ್ಯ ಸಂಗ್ರಹಕ್ಕೆ ಹೋಗಲಿ. ಆ ಫೋಲ್ಡರಿನಲ್ಲಿ ಇಪ್ಪತ್ತು ಆಲ್ಬಮ್‌ಗಳಿಗಿಂತ ಹೆಚ್ಚು ಇರಬಾರದು. ಇಪ್ಪತ್ತೊಂದನೆಯದು ಬೇಕೆಂದರೆ ಒಂದನ್ನು ಕೇಳಿ ಖಾಲಿ ಮಾಡಬೇಕು, ಇಲ್ಲವೇ ಕೇಳುವ ಮನಸ್ಸಿಲ್ಲವೆಂದು ಒಪ್ಪಿಕೊಂಡು ಅಳಿಸಬೇಕು. ನಾನು ಇದನ್ನು ಆರಂಭಿಸಿದಾಗ ಮೊದಲ ಎರಡು ತಿಂಗಳು ನಿಯಮವನ್ನು ಮುರಿದು 'ಬಂದದ್ದು 2' ಎಂಬ ಫೋಲ್ಡರನ್ನೂ ಮಾಡಿಕೊಂಡಿದ್ದೆನೆಂದು ಹೇಳಿಬಿಡುತ್ತೇನೆ. ಕೇಳಿದ ಪ್ರತಿಯೊಂದಕ್ಕೂ ಒಂದೇ ಒಂದು ಸಾಲಿನ ಟಿಪ್ಪಣಿ ಬರೆದಿಡಿ: ತಾರೀಖು, ಇಷ್ಟವಾದ ಭಾಗ, ದೋಷವಿದ್ದರೆ ಎಷ್ಟನೆಯ ನಿಮಿಷದಲ್ಲಿ. 2004ರಲ್ಲಿ ತೀರಿಕೊಂಡ ಬ್ರಿಟನ್ನಿನ ರೇಡಿಯೊ ನಿರೂಪಕ ಜಾನ್ ಪೀಲ್ ಸುಮಾರು 26,000 ಎಲ್‌ಪಿಗಳ ಒಡೆಯರಾಗಿದ್ದರು. ಅವರು ಎಲ್‌ಪಿಗಳಿಗೆ ಚೀಟಿಗಳನ್ನು ಟೈಪ್ ಮಾಡಿ ಸೂಚಿ ಇಟ್ಟುಕೊಂಡಿದ್ದರು. ನಮಗಾದರೆ ಒಂದು ಸ್ಪ್ರೆಡ್‌ಶೀಟ್ ಸಾಕು.

ಎಷ್ಟು ಸಲ ಕೇಳಿದಿರಿ ಎಂದು ಆ್ಯಪ್ ತೋರಿಸುವ ಎಣಿಕೆಯನ್ನು ಈ ಕೆಲಸಕ್ಕೆ ನಂಬಬೇಡಿ. ಉದಾಹರಣೆಗೆ, ಕೇಳಿದ ಹಾಡುಗಳ ದಾಖಲೆ ಇಡುವ ಜಾಲತಾಣ ಲಾಸ್ಟ್ ಎಫ್‌ಎಂ ಲೆಕ್ಕದಲ್ಲಿ ಟ್ರ್ಯಾಕಿನ ಅರ್ಧ ಅಥವಾ ನಾಲ್ಕು ನಿಮಿಷ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟು ಓಡಿದರೆ ಕೇಳಿದಂತೆ. ಐವತ್ತು ನಿಮಿಷದ ರಾಗವಿಸ್ತಾರದಲ್ಲಿ ಆಲಾಪ ಇನ್ನೂ ಕಣ್ಣು ಬಿಡುವ ಮೊದಲೇ ನೀವು ಅದನ್ನು 'ಕೇಳಿ' ಆಗಿರುತ್ತದೆ.

ಈಗಾಗಲೇ ಇರುವ ಐದು ಸಾವಿರ ಗಂಟೆಗಳನ್ನು ಕುಳಿತು ಕೇಳಿ ಪರೀಕ್ಷಿಸುವುದು ಆಗದ ಮಾತು. ಅಲ್ಲಿ ಯಂತ್ರದ ನೆರವು ಪಡೆಯೋಣ. ಫ್ಲಾಕ್ ತನ್ನೊಳಗೇ ಮೂಲ ಧ್ವನಿಯ ಎಂಡಿ5 ಮೊತ್ತವನ್ನು (ಧ್ವನಿ ತುಸು ಬದಲಾದರೂ ತಾಳೆಯಾಗದ ಗುರುತಿನ ಸಂಖ್ಯೆಯನ್ನು) ಇಟ್ಟುಕೊಂಡಿರುವುದರಿಂದ ಫ್ಲಾಕ್ ತಂತ್ರಾಂಶದ ಪರೀಕ್ಷಾ ಆಜ್ಞೆಯನ್ನು ಇಡೀ ಡಿಸ್ಕಿನ ಮೇಲೆ ರಾತ್ರಿ ಓಡಿಸಿದರೆ ಕೆಟ್ಟಿರುವ ಫೈಲ್‌ಗಳ ಪಟ್ಟಿ ಸಿಗುತ್ತದೆ. ಆದರೆ ಫೈಲ್ ಮಾಡಿದಂದಿನಿಂದ ಬದಲಾಗಿಲ್ಲ ಎಂಬುದಕ್ಕಷ್ಟೇ ಅದು ಸಾಕ್ಷಿ. ನನ್ನ ಮೌನದ ಬಿ ಬದಿ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಯಿತು. ಇನ್ನು, ಗಾತ್ರ ಇಳಿಸಲು ಧ್ವನಿಯ ಒಂದಷ್ಟನ್ನು ಕಳೆದ ಎಂಪಿ3ಯನ್ನೇ ಫ್ಲಾಕ್ ಮಾಡಿ ಹಂಚಿದವೂ ನಿಮ್ಮಲ್ಲಿ ಖಂಡಿತ ಇರುತ್ತವೆ. ಅನುಮಾನ ಬಂದವನ್ನು, ಧ್ವನಿಯ ಕಂಪನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್‌ನಂಥ ತಂತ್ರಾಂಶದಲ್ಲಿ ತೆರೆದು ನೋಡಿ: 128 ಕಿಲೋಬಿಟ್ಟಿನ ಎಂಪಿ3ಯಿಂದ ಬಂದಿದ್ದರೆ ಸಾಮಾನ್ಯವಾಗಿ 16 ಕಿಲೋಹರ್ಟ್ಜ್ ಬಳಿ ಕತ್ತರಿಯಿಂದ ಕತ್ತರಿಸಿದಂತೆ ಚಿತ್ರ ನಿಂತುಹೋಗುತ್ತದೆ. ಹಳೆಯ ಧ್ವನಿಮುದ್ರಣಗಳಲ್ಲಿ ಮೇಲಿನ ಕಂಪನಗಳು ಮೂಲದಲ್ಲೇ ಇರುವುದಿಲ್ಲವಾದ್ದರಿಂದ ಅವುಗಳಿಗೆ ಈ ಒರೆಗಲ್ಲು ಸಲ್ಲದು.

ಒಂದೇ ಆಲ್ಬಮ್ ಮೂರು ಕಾಗುಣಿತಗಳಲ್ಲಿ ಮೂರು ಕಡೆ ಕುಳಿತಿರುವುದು ಇಂಥ ಸಂಗ್ರಹಗಳ ಸಾಮಾನ್ಯ ಕಾಯಿಲೆ. ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಎಂಬ ತಂತ್ರಾಂಶ ಫೈಲಿನ ಹೆಸರನ್ನು ಬಿಟ್ಟು ಧ್ವನಿಯನ್ನೇ ನೋಡಿ ಗುರುತಿಸಬಲ್ಲದು. ಹೆಚ್ಚುವರಿ ಪ್ರತಿಗಳನ್ನು ಅಳಿಸುವುದನ್ನು ಮಾತ್ರ ಯಾವ ತಂತ್ರಾಂಶಕ್ಕೂ ಒಪ್ಪಿಸಬೇಡಿ, ಏಕೆಂದರೆ ಮೂಲ ಸಿಡಿಯ ಪ್ರತಿಯೂ ಆಮೇಲೆ ಸದ್ದು ಏರಿಸಿ ಹೊರತಂದ ಮರುಮಾಸ್ಟರ್ ಪ್ರತಿಯೂ ಅದಕ್ಕೆ ಒಂದೇ ಆಗಿ ಕಾಣಬಹುದು. ನಿಮ್ಮ ಕಿವಿಗೆ ಅವು ಒಂದೇ ಆಗಿರಲಾರವು.

ಏನನ್ನು ಅಳಿಸಬೇಕು ಎಂಬಲ್ಲಿ 'ಇದು ಒಳ್ಳೆಯ ಸಂಗೀತವೇ' ಎಂದು ಕೇಳಿಕೊಂಡರೆ ಒಂದೂ ಹೋಗುವುದಿಲ್ಲ, ಏಕೆಂದರೆ ಕೇಳದೆ ಇರುವುದೆಲ್ಲವೂ ಒಳ್ಳೆಯದೇ ಇರಬಹುದು. 'ನಾಳೆ ಬೇಕೆಂದರೆ ಇದು ಮತ್ತೆ ಸಿಗುತ್ತದೆಯೇ' ಎಂದು ಕೇಳಿಕೊಳ್ಳಿ. ಎಲ್ಲೆಡೆ ಸಿಗುವ ಜನಪ್ರಿಯ ಆಲ್ಬಮ್ ಐದು ವರ್ಷದಿಂದ ತೆರೆಯದೆ ಬಿದ್ದಿದ್ದರೆ ಹೋಗಲಿ. ನೀವೇ ಕ್ಯಾಸೆಟ್ ಅಥವಾ ಎಲ್‌ಪಿಯಿಂದ ಇಳಿಸಿದ್ದು, ರೇಡಿಯೊದಿಂದ ಹಿಡಿದದ್ದು, ಮರುಮುದ್ರಣವಾಗದೆ ನಿಂತುಹೋದದ್ದು, ಇವು ರುಚಿಸದಿದ್ದರೂ ಇರಲಿ. ಹಕ್ಕುಗಳ ಒಪ್ಪಂದ ಮುಗಿದೊಡನೆ ಸ್ಟ್ರೀಮಿಂಗ್‌ನಲ್ಲಿದ್ದ ಆಲ್ಬಮ್‌ಗಳು ಹೇಳದೆ ಕೇಳದೆ ಮಾಯವಾಗುವುದುಂಟು. ಹಾಗಾಗಿ ಎಲ್ಲವನ್ನೂ ಅಳಿಸುವ ಆಲೋಚನೆಯನ್ನು ನಾನು ಒಪ್ಪಲಾರೆ.

ಡಿಸ್ಕ್ ಕೊಳ್ಳುವುದಾದರೆ ಕೊಳ್ಳಿ, ಆದರೆ 8 ಟಿಬಿ ಬೇಡ. ಈಗಿರುವಷ್ಟೇ ಗಾತ್ರದ, 2 ಟಿಬಿಯದೇ ಇನ್ನೊಂದು ಸಾಕು. ನಿಮ್ಮ ಬರಹದಲ್ಲಿ ಎರಡನೆಯ ಪ್ರತಿಯ ಮಾತೇ ಇಲ್ಲದಿರುವುದರಿಂದ, ಮರಳಿ ಸಿಗದವುಗಳೂ ಆ ಒಂದೇ ಡಿಸ್ಕಿನ ಮೇಲೆ ನಿಂತಿವೆ ಎಂದುಕೊಂಡಿದ್ದೇನೆ. ಹೊಸ ಡಿಸ್ಕ್ ಬಂದೊಡನೆ ಅವನ್ನು ಮೊದಲು ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಬೇರೆ ಕೋಣೆಯಲ್ಲಿಡಿ. ನಿಮ್ಮಲ್ಲಿ ಕ್ಯಾಸೆಟ್‌ನಿಂದ ಇಳಿಸಿದವು ಇದ್ದರೆ, ನಕಲು ಮಾಡುವ ಮುನ್ನ ಎರಡೂ ಬದಿಗಳ ಫೈಲ್ ಗಾತ್ರವನ್ನೊಮ್ಮೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಇಲ್ಲೇ ಬರೆಯಿರಿ. ಕ್ಯಾಸೆಟ್ಟುಗಳನ್ನು ಇನ್ನೂ ಎಸೆದಿಲ್ಲ ಎಂದುಕೊಂಡಿದ್ದೇನೆ.