ಗಿಡ ಆಮೇಲೆ, ಮೊದಲು ನೆರಳು ನೋಡಿ

ಪ್ರಶ್ನೆ: ಹೊಸ ಮನೆ ಕಟ್ಟಿಸಿದ್ದೇವೆ. ಪಶ್ಚಿಮ ದಿಕ್ಕಿನ ಬಾಗಿಲು. ಮುಂದೆ 20 ಅಡಿಗೆ 30 ಅಡಿ ಖಾಲಿ ಜಾಗ ಇದೆ. ಗೋಡೆ ಪಕ್ಕ ನೆಟ್ಟ ಗಿಡಗಳು ಮಳೆ ಬಂದರೂ ಒಣಗುತ್ತಿವೆ. ಮಧ್ಯೆ ಹುಲ್ಲುಹಾಸು, ಸುತ್ತಲೂ ಹೂಗಿಡ ಹಾಕುವ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸದ್ಯಕ್ಕೆ ಹೊಸ ಗಿಡ ತರಬೇಡಿ. ಒಂದು ಹಾಳೆಯಲ್ಲಿ ಮನೆ, ಗೇಟು, ಕಾಂಪೌಂಡು, ನಲ್ಲಿ ಎಲ್ಲೆಲ್ಲಿವೆ ಅಂತ ಬರೆದುಕೊಳ್ಳಿ. ಬಿಡುವಿನ ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೊರಗೆ ನಿಂತು ಮನೆಯ ನೆರಳು ಎಲ್ಲಿವರೆಗೆ ಬಿದ್ದಿದೆ ನೋಡಿ, ಗೆರೆ ಎಳೆಯಿರಿ. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ, ಸೂರ್ಯನ ದಾರಿ ಬದಲಾಗಿರುತ್ತದೆ. ದಿನಕ್ಕೆ 6 ಗಂಟೆಗಿಂತ ಜಾಸ್ತಿ ನೇರ ಬಿಸಿಲು ಬೀಳುವ ಕಡೆ ಹೂಗಿಡ ಇರಲಿ. 3 ಗಂಟೆಯೂ ಸಿಗದ ಕಡೆ ಎಲೆಯ ಚೆಂದಕ್ಕೆ ಬೆಳೆಸುವ ಗಿಡಗಳೇ ಸರಿ.

ನಿಮ್ಮ ಮನೆಯ ಮುಂಭಾಗಕ್ಕೆ ಬೆಳಗ್ಗೆಯೆಲ್ಲ ನೆರಳು, ಮಧ್ಯಾಹ್ನದ ಮೇಲೆ ಉರಿಬಿಸಿಲು. ಆ ಗೋಡೆ ಕಾದು, ಕತ್ತಲಾದ ಮೇಲೂ ಬಿಸಿ ಬಿಡುತ್ತಿರುತ್ತದೆ. ಅದಕ್ಕೇ ನಾನಾಗಿದ್ದರೆ ಅಲ್ಲಿ ಮೊದಲು ಒಂದು ಮಧ್ಯಮ ಗಾತ್ರದ ಮರ ನೆಡುತ್ತಿದ್ದೆ. ಪೂರ್ತಿ ಬೆಳೆದಾಗ ಅದು ಎಷ್ಟು ಹರಡುತ್ತದೆ ಅಂತ ಕೇಳಿಕೊಂಡು, ಅದರ ಅರ್ಧಕ್ಕಿಂತ ಜಾಸ್ತಿ ದೂರ ಗೋಡೆಯಿಂದ ಬಿಡಿ. ಆಲದ ಜಾತಿಯ ಮರ ಮಾತ್ರ ಬೇಡವೇ ಬೇಡ, ಬೇರು ಪಾಯಕ್ಕೂ ಪೈಪಿಗೂ ಹೋಗುತ್ತದೆ.

ಇನ್ನು ಒಣಗುವ ಗಿಡಗಳು. ಸಜ್ಜದ ಕೆಳಗೆ ಮಳೆ ಬೀಳುವುದೇ ಇಲ್ಲ, ಅಲ್ವಾ? ಊರೆಲ್ಲ ನೆನೆದರೂ ಆ ಒಂದೆರಡು ಅಡಿ ಒಣಗಿಯೇ ಇರುತ್ತದೆ. ಗಿಡಗಳನ್ನು ಸಜ್ಜದ ಅಂಚಿನಿಂದ ಆಚೆಗೆ ಸರಿಸಿ. ಇನ್ನೊಂದು ಕಾರಣವೂ ಇರಬಹುದು. ಗೋಡೆ ಪಕ್ಕ ಒಂದಡಿ ಆಳ ಅಗೆದು ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಇಟ್ಟಿಗೆ ಚೂರು, ಗಾರೆ ಹೆಂಟೆ, ಬೂದು ಬಣ್ಣದ ಸಿಮೆಂಟ್ ಪುಡಿ ಸಿಕ್ಕರೆ ಅದು ಕಟ್ಟಡದ ಕಸ. ಸಿಮೆಂಟು, ಸುಣ್ಣ ಸೇರಿದ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಗಿಡಕ್ಕೆ ಸಿಗದಂತಾಗುತ್ತದೆ. ಆಗ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದಕ್ಕೆ ಗೊಬ್ಬರ ಸುರಿದರೆ ಸಾಲದು. ಕಸ ತೆಗೆದು ಬೇರೆ ಮಣ್ಣು ತುಂಬಿಸಲೇಬೇಕು. ತುಂಬುವಾಗ ಗೋಡೆಗೆ ಒತ್ತಿ ಏರಿಸಬೇಡಿ, ಮನೆಯೊಳಗೆ ತೇವ ಬರುತ್ತದೆ. ಇಳಿಜಾರು ಮನೆಯಿಂದ ಆಚೆಗೇ ಇರಲಿ.

ಹುಲ್ಲುಹಾಸಿನ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಇಷ್ಟು ಜಾಗಕ್ಕೆ ಬೇಡ. ನೀರು, ಕತ್ತರಿಸುವ ಕೆಲಸ ಎರಡೂ ಜಾಸ್ತಿ. ಹೂಗಿಡಕ್ಕೆ ಉಳಿಯುವುದು ಅಂಚಿನ ಸಣ್ಣ ಪಟ್ಟಿ ಮಾತ್ರ. ಅದರ ಬದಲು ನೀವು ದಿನಾ ಕೂರುವ ಕುರ್ಚಿಯಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡಿ. ತೋಟವನ್ನು ನಾವು ಜಾಸ್ತಿ ನೋಡುವುದು ಒಳಗಿನಿಂದಲೇ. ಅಲ್ಲಿಂದ ಕಣ್ಣು ಎಲ್ಲಿಗೆ ಹೋಗುತ್ತದೋ ಅಲ್ಲಿ ನಿಮಗೆ ತುಂಬಾ ಇಷ್ಟದ ಗಿಡ ಇರಲಿ. ಗೇಟಿನಿಂದ ಬಾಗಿಲಿಗೆ ಈಗ ಜನ ಓಡಾಡಿ ಸವೆದ ಜಾಡೇ ನಿಮ್ಮ ಕಾಲುದಾರಿ. ಅದು 4 ಅಡಿ ಅಗಲ ಇದ್ದರೆ ಇಬ್ಬರು ಜೊತೆಯಾಗಿ ನಡೆಯಬಹುದು. ಸುಮ್ನೆ ಅಂಕುಡೊಂಕು ಮಾಡಿದರೆ ಜನ ಗಿಡ ದಾಟಿಕೊಂಡೇ ಹೋಗುತ್ತಾರೆ.

ಪ್ರಶ್ನೆ: ನಮ್ಮದು ಎತ್ತರದ ಜಾಗ, ಗಾಳಿ ವಿಪರೀತ. ಗಟ್ಟಿ ಗೋಡೆ ಕಟ್ಟಿಸಿದರೂ ಗಿಡ ಮುರಿಯುತ್ತಿವೆಯಲ್ಲ?

ಉತ್ತರ: ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ, ಹಿಂದೆ ಸುಳಿಯಾಗಿ ಇಳಿಯುತ್ತದೆ. ನಿಮ್ಮ ಗಿಡಗಳು ಆ ಸುಳಿಯಲ್ಲೇ ಇವೆ ಅನ್ನಿಸುತ್ತದೆ. ಗಾಳಿಯನ್ನು ಪೂರ್ತಿ ತಡೆಯುವ ಬದಲು ಸೋಸಬೇಕು. ಅರ್ಧದಷ್ಟು ಸಂದು ಇರುವ ಗಿಡದ ಬೇಲಿ ಬೆಳೆಸಿ. 5 ಅಡಿ ಎತ್ತರದ ಬೇಲಿ ಅದರ ಹತ್ತು ಪಟ್ಟು, ಅಂದರೆ ಸುಮಾರು 50 ಅಡಿ ದೂರದವರೆಗೂ ಗಾಳಿಯ ಜೋರು ಕಡಿಮೆ ಮಾಡುತ್ತದೆ. ಎಳೆ ಮರಗಳಿಗೆ ಊರುಗೋಲು ಕೊಟ್ಟಿದ್ದರೆ ಕಟ್ಟು ಸಡಿಲವಾಗಿರಲಿ. ಸ್ವಲ್ಪ ತೂಗಾಡಿದರೇ ಕಾಂಡ ದಪ್ಪವಾಗುವುದು.