ಸಂಪಾದಕರ ಉತ್ತರ: ಆರನೇ ಮೊಳೆಗೆ ಯಾರ ಫೋಟೊ?

ಓದುಗರ ಪತ್ರ: ನಾನು ಇಪ್ಪತ್ತು ವರ್ಷದಿಂದ ಭರತನಾಟ್ಯ ಕಲಿಸುತ್ತಿದ್ದೇನೆ. ಈಚೆಗೆ ಕ್ಲಾಸಿನ ಗೋಡೆಗೆ ಬಣ್ಣ ಹೊಡೆಸಿ, ನಾನು ತುಂಬಾ ಮೆಚ್ಚುವವರ ಫೋಟೊ ಹಾಕಿದೆ. ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ, ಉದಯಶಂಕರ್, ರುಕ್ಮಿಣಿ ದೇವಿ, ಬಾಲಸರಸ್ವತಿ, ಒಡಿಸ್ಸಿಯ ಕೇಳುಚರಣ ಮಹಾಪಾತ್ರ. ಇನ್ನೊಂದು ಮೊಳೆ ಖಾಲಿ ಇದೆ. ರುಕ್ಮಿಣಿ ದೇವಿ, ಬಾಲಸರಸ್ವತಿ ಇಬ್ಬರನ್ನೂ ಅಕ್ಕಪಕ್ಕ ಹಾಕಬಾರದಿತ್ತು, ಅವರದು ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಗೆಳತಿಯೊಬ್ಬಳು ಜಗಳ ತೆಗೆದಿದ್ದಾಳೆ. ನೀವು ಏನಂತೀರಿ? ನನಗೆ ಚಿಕ್ಕಂದಿನಲ್ಲಿ ಎರಡು ಜಾವಳಿ (ಅಭಿನಯಕ್ಕೆ ಹಾಡುವ ಶೃಂಗಾರದ ಹಾಡು) ಹೇಳಿಕೊಟ್ಟ ಅಜ್ಜಿಯೊಬ್ಬರ ಫೋಟೊ ನನ್ನ ಹತ್ತಿರ ಇದೆ. ಆದರೆ ಅವರು ಯಾರಿಗೂ ಗೊತ್ತಿಲ್ಲ. ಪೋಷಕರು ಇದ್ಯಾರು ಅಂತ ಕೇಳಿದರೆ ಏನು ಹೇಳಲಿ ಅನಿಸಿ ಸುಮ್ಮನಾದೆ.

ಉತ್ತರ:

ಮೇಡಂ, ನೀವು ಕೇಳಿದ್ದು ಜಗಳದ ಬಗ್ಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಕೊನೆಯ ಸಾಲು. ಅಲ್ಲಿಗೆ ಬರುತ್ತೇನೆ. ಮೊದಲು ನಿಮ್ಮ ಗೆಳತಿಗೆ ಉತ್ತರ ಹೇಳಬೇಕಲ್ವಾ.

ರುಕ್ಮಿಣಿ ದೇವಿಯವರು ಮಾಡಿದ್ದು ಸಣ್ಣ ಕೆಲಸವಲ್ಲ. ಭರತನಾಟ್ಯಕ್ಕೆ ಆಗ ಇದ್ದ ಹೆಸರು 'ಸದಿರ್', ದೇವಸ್ಥಾನದ ನರ್ತಕಿಯರ ಕುಣಿತ. ಆ ಹೆಸರೆತ್ತಿದರೆ ಜನ ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ, 1935ರಲ್ಲಿ ಮದರಾಸಿನ ಅಡ್ಯಾರ್‌ನಲ್ಲಿ ಅವರು ರಂಗದ ಮೇಲೆ ನಿಂತರು. ಮರುವರ್ಷ ಕಲಾಕ್ಷೇತ್ರ ಅನ್ನುವ ಕಲಾಶಾಲೆ ಕಟ್ಟಿದರು. ಮರ್ಯಾದಸ್ಥರು ಅನ್ನಿಸಿಕೊಂಡ ಮನೆಗಳ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಬಹುದು ಅಂತಾಯಿತು. ನಿಮ್ಮ ಕ್ಲಾಸಿಗೆ ಮಕ್ಕಳು ಬರುವುದರಲ್ಲಿ ಅವರ ಪಾಲೂ ಇದೆ. ಅವರ ಫೋಟೊ ಇರಲಿ, ತೆಗೆಯಬೇಡಿ.

ಆದರೆ ನನ್ನ ಮನಸ್ಸು ಓಡುವುದು ಪಕ್ಕದ ಫೋಟೊ ಕಡೆಗೆ.

ಬಾಲಸರಸ್ವತಿ ವೀಣೆ ಧನಮ್ಮಾಳ್ ಅವರ ಮೊಮ್ಮಗಳು. 1925ರಲ್ಲಿ, ಏಳು ವರ್ಷದ ಹುಡುಗಿ, ಕಾಂಚೀಪುರದ ದೇವಸ್ಥಾನದಲ್ಲಿ ಮೊದಲ ಸಲ ಕುಣಿದಳು. ಗುರು ಕಂದಪ್ಪ ಪಿಳ್ಳೆ. ಅವರ ವಂಶ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರವರೆಗೆ ಹೋಗುತ್ತದೆ. ಶುರುವಿನ ಅಲಾರಿಪುವಿನಿಂದ ಕೊನೆಯ ತಿಲ್ಲಾನದವರೆಗೆ ನೀವು ಇವತ್ತು ಕಲಿಸುವ ಕ್ರಮ ಹೊಂದಿಸಿಕೊಟ್ಟವರು ಆ ನಾಲ್ವರು. ಅವರಲ್ಲಿ ಹಿರಿಯರಾದ ಚಿನ್ನಯ್ಯ ನಮ್ಮ ಮೈಸೂರಿಗೇ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು. ಬಾಲಾ ಕುಣಿಯುತ್ತಾ ತಾವೇ ಹಾಡುತ್ತಿದ್ದರು. ಹಾಡಿನ ಅರ್ಥ ಮೊದಲು ಗಂಟಲಿಗೆ ಬಂದು, ಆಮೇಲೆ ಕಣ್ಣಿಗೆ, ಆಮೇಲೆ ಕೈಗೆ ಇಳಿಯುತ್ತಿತ್ತು ಅನ್ನಿಸುತ್ತದೆ ಅವರ ಹಳೆಯ ಚಿತ್ರಗಳನ್ನು ನೋಡಿದರೆ.

ಇಬ್ಬರ ಜಗಳ ಇದ್ದದ್ದು ಶೃಂಗಾರದ ಬಗ್ಗೆ. ಪದ ಅಂದರೆ ಅಭಿನಯಕ್ಕೆಂದೇ ಇರುವ, ನಿಧಾನಗತಿಯ ಶೃಂಗಾರದ ಹಾಡು. ಅಂಥ ಕೆಲವು ಪದಗಳು ರಂಗಕ್ಕೆ ತಕ್ಕದ್ದಲ್ಲ ಎಂದು ರುಕ್ಮಿಣಿ ದೇವಿ ಪಕ್ಕಕ್ಕಿಟ್ಟರು. ಬಾಲಾಗೆ ಅದು ಸರಿಬರಲಿಲ್ಲ. ಶೃಂಗಾರವೇ ಎಲ್ಲಕ್ಕಿಂತ ದೊಡ್ಡ ಭಾವ, ಅದರಲ್ಲಿ ತೊಳೆಯಬೇಕಾದ ಕೊಳೆ ಏನೂ ಇಲ್ಲ ಅನ್ನುವುದು ಅವರ ನಿಲುವು. 1975ರಲ್ಲಿ ಚೆನ್ನೈನ ತಮಿಳ್ ಇಶೈ ಸಂಗಂನಲ್ಲಿ ಮಾತಾಡುತ್ತಾ ಅವರು ಇಡೀ ನೃತ್ಯ ಕಛೇರಿಯನ್ನು ದೇವಸ್ಥಾನಕ್ಕೆ ಹೋಲಿಸಿದರು. ಅಲಾರಿಪು ಗೋಪುರ. ಮಂಟಪ ದಾಟಿ ದಾಟಿ ಒಳಗೆ ಹೋಗುತ್ತೀರಿ. ಪದ ಅಂದರೆ ಗರ್ಭಗುಡಿಯ ಮೌನ. ತಿಲ್ಲಾನ ಕೊನೆಯ ಕರ್ಪೂರದಾರತಿ. ಯಾವುದನ್ನು ಬೇರೆಯವರು ಕೊಳೆ ಅಂದರೋ, ಅದನ್ನೇ ಈಕೆ ಗರ್ಭಗುಡಿಯಲ್ಲಿ ಇಟ್ಟರು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು, ಈಗಲೂ ಅನ್ನುತ್ತದೆ.

ಇನ್ನೊಂದು ವಿಷಯ. ಬಾಲಾ ಅಂದ ತಕ್ಷಣ ಲೋಕಕ್ಕೆಲ್ಲ ನೆನಪಾಗುವ ಹಾಡು ಯಾವುದು? 'ಕೃಷ್ಣಾ ನೀ ಬೇಗನೆ ಬಾರೋ'. ವ್ಯಾಸರಾಯರದು, ನಮ್ಮ ಕನ್ನಡದ್ದು! ಸತ್ಯಜಿತ್ ರಾಯ್ 1976ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದಾಗ ಇದೇ ಹಾಡಿಗೆ ಸಮುದ್ರದ ದಂಡೆಯಲ್ಲಿ ಅಭಿನಯ ಮಾಡಿಸಿದರು. ಗಾಳಿಗೆ ಸೀರೆ ಹಾರುತ್ತಿದೆ, ವಯಸ್ಸು ಐವತ್ತು ದಾಟಿದೆ, ಆ ಕೈ ಮಾತ್ರ ಒಂದು ಮಗುವನ್ನು ಕರೆಯುತ್ತಲೇ ಇದೆ. ಮದರಾಸಿನ ಹೆಣ್ಣುಮಗಳೊಬ್ಬಳು ನಮ್ಮ ಹಾಡನ್ನು ಇಷ್ಟು ದೂರ ಹೊತ್ತು ಹೋದಳು. ನಮ್ಮ ಎಷ್ಟು ಕ್ಲಾಸುಗಳಲ್ಲಿ ಮಕ್ಕಳಿಗೆ ಈ ಹಾಡಿನ ಚರಣದ ಅರ್ಥವನ್ನು ಕೂರಿಸಿಕೊಂಡು ಹೇಳುತ್ತಾರೆ? ನಿಮ್ಮ ಕ್ಲಾಸಿನ ಮಾತಲ್ಲ ಇದು.

ಈಗ ನಿಮ್ಮ ಗೆಳತಿ ಮರೆತ ಒಂದು ಹೆಸರು ಹೇಳುತ್ತೇನೆ. ಮೈಲಾಪುರದ ಗೌರಿ ಅಮ್ಮಾಳ್. ಕಪಾಲೀಶ್ವರ ದೇವಸ್ಥಾನದ ನರ್ತಕಿ. ಮಗುವಾಗಿದ್ದಾಗ ಬಾಲಾಗೆ ಕುಣಿಯುವ ಹುಚ್ಚು ಹಿಡಿದದ್ದು ಈಕೆಯ ನೃತ್ಯ ನೋಡಿ. ರುಕ್ಮಿಣಿ ದೇವಿ ಕಲಿತದ್ದೂ ಈಕೆಯ ಹತ್ತಿರ. ಎಣ್ಣೆ ಸೀಗೆಕಾಯಿ ಅಂತೀರಲ್ಲ, ಇಬ್ಬರೂ ಕೈಚಾಚಿದ್ದು ಒಂದೇ ಬಟ್ಟಲಿಗೆ! ಆ ಇಬ್ಬರ ಹೆಸರು ಎಲ್ಲರಿಗೂ ಗೊತ್ತು. ಈಕೆಯ ಹೆಸರು ನಿಮ್ಮ ಪತ್ರದಲ್ಲೂ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇಷ್ಟು ವರ್ಷ ಕಲಿಸಿದವರ ಪತ್ರದಲ್ಲೇ ಇಲ್ಲ ಅಂದರೆ ಇನ್ನೆಲ್ಲಿ ಹುಡುಕುವುದು?

ಪಾವ್ಲೋವಾ ಇರಲಿ ಬಿಡಿ. ನಿನ್ನ ದೇಶದ ನೃತ್ಯ ಕಲಿ ಎಂದು ರುಕ್ಮಿಣಿ ದೇವಿಗೆ ಹೇಳಿದವರು ಅವರು. ಸರಿ, ಆ ಮಾತು ಕೇಳಿ ರುಕ್ಮಿಣಿ ದೇವಿ ಹೋದದ್ದು ಯಾರ ಹತ್ತಿರ? ಗೌರಿ ಅಮ್ಮಾಳ್ ಹತ್ತಿರ. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಹತ್ತಿರ. ದಾರಿ ತೋರಿಸಿದವರನ್ನು ಗೋಡೆಗೆ ಹಾಕಿದ್ದೀರಿ, ಬಾಗಿಲು ತೆಗೆದು ಒಳಗೆ ಕರೆದವರನ್ನು ಹೊರಗೇ ನಿಲ್ಲಿಸಿದ್ದೀರಿ. ರಾಮ್ ಗೋಪಾಲ್, ಮೃಣಾಲಿನಿ ಸಾರಾಭಾಯ್, ನಮ್ಮ ಮಂಗಳೂರಿನ ಶಾಂತಾ ರಾವ್, ಇವರೆಲ್ಲ ಆ ಪಿಳ್ಳೆಯವರ ಮುಂದೆ ಬೆವರು ಸುರಿಸಿದವರು. ಕೇಳುಚರಣರನ್ನು ಆರಿಸಿದ್ದಕ್ಕೆ ಮಾತ್ರ ನಿಮಗೆ ಭೇಷ್ ಅನ್ನುತ್ತೇನೆ. ಅವರು ಶಿಷ್ಯರ ಪಕ್ಕ ಮೃದಂಗದಂಥ ಪಖಾವಜ್ ಹಿಡಿದು ಕೂತು ಕುಣಿಸಿದ ಮನುಷ್ಯ. ನಿಮ್ಮ ಐದು ಜನರಲ್ಲಿ ಗುರು ಅನ್ನುವ ಕಾರಣಕ್ಕೇ ಹೆಚ್ಚು ಹೆಸರಾದವರು ಅವರೊಬ್ಬರೇ.

ದೂರದವರ ಮಾತಾಯಿತು. ಮೈಸೂರಿನ ಜಟ್ಟಿ ತಾಯಮ್ಮನವರು ಎಲ್ಲಿ? 1857ರಲ್ಲಿ ಹುಟ್ಟಿದವರು, ತಂದೆ ಜಟ್ಟಿ. ಕುಸ್ತಿಯವರ ಮನೆಯ ಮಗಳು ಅಭಿನಯದಲ್ಲಿ ಅರಮನೆಯನ್ನೇ ಗೆದ್ದಳು. ಅವರ ಮುಂದೆ ಎಂಟು ವರ್ಷದ ಒಂದು ಮಗು ಬಂದು ಕೂತಿತು. ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಮನೆಯ ಮಗು. ಅದೇ ಮುಂದೆ ಕೆ. ವೆಂಕಟಲಕ್ಷಮ್ಮನವರು. 1939ರಲ್ಲಿ ಆಸ್ಥಾನ ವಿದುಷಿ. ಅರಮನೆಯ ಕಾಲ ಮುಗಿದ ಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದರು. ಪದ್ಮಭೂಷಣ ಬಂದದ್ದು 1992ರಲ್ಲಿ, ವಯಸ್ಸು 85 ದಾಟಿತ್ತು. 2002ರಲ್ಲಿ ತೀರಿಕೊಂಡರು. ತಾಂಡ್ಯದಿಂದ ಅರಮನೆಗೆ, ಅಲ್ಲಿಂದ ಯೂನಿವರ್ಸಿಟಿಗೆ. ಇಂಥ ಬದುಕು ನಿಮ್ಮ ಕ್ಲಾಸಿನ ಮಕ್ಕಳಿಗೆ ಪಾವ್ಲೋವಾ ಕತೆಗಿಂತ ಹತ್ತಿರ ಅಲ್ವಾ? ಆ ಕ್ಲಾಸಿಗೆ ಒಂದು ಲಂಬಾಣಿ ಮಗು ಬಂದಾಗ ಅದರ ಕಣ್ಣು ಯಾವ ಫೋಟೊ ಮೇಲೆ ನಿಲ್ಲುತ್ತೆ ಅಂತ ಯೋಚಿಸಿ ನೋಡಿ.

ನಾನು ವರದಿಗಾರನಾಗಿದ್ದಾಗ ಒಂದು ನೃತ್ಯ ಶಿಬಿರಕ್ಕೆ ಹೋಗಿದ್ದೆ. ವಯಸ್ಸಾದ ಗುರುಗಳೊಬ್ಬರು, ಮಂಡಿನೋವು, ಕುರ್ಚಿಯಲ್ಲೇ ಕೂತು ಪಾಠ ಹೇಳುತ್ತಿದ್ದರು. ಹಾಡಿನಲ್ಲಿ ಗಂಡ ತಡವಾಗಿ ಮನೆಗೆ ಬಂದಿದ್ದಾನೆ, ನಾಯಿಕೆಗೆ ಸಿಟ್ಟು. ಹುಡುಗಿ ಹುಬ್ಬು ಗಂಟುಹಾಕಿ ಪಟ್ಟನೆ ಮುಖ ತಿರುಗಿಸಿದಳು. ಆ ತಾಯಿ ಕೈಯೆತ್ತಿ ನಿಲ್ಲಿಸಿದರು. "ಮುಖ ತಿರುಗಿಸೋದು ಆಮೇಲೆ ಕಣಮ್ಮಾ. ಮೊದಲು ಬಾಗಿಲು ನೋಡ್ತಾಳೆ. ಅವನ ಹಿಂದೆ ಬೇರೆ ಯಾರಾದರೂ ಬಂದಿದ್ದಾರಾ ಅಂತ ನೋಡ್ತಾಳೆ. ಮರ್ಯಾದೆ ಮೊದಲು, ಸಿಟ್ಟು ಆಮೇಲೆ" ಅಂದರು. ಅಂದು, ಕೂತಲ್ಲೇ ಇಲ್ಲದ ಬಾಗಿಲ ಕಡೆಗೆ ಒಮ್ಮೆ ಕಣ್ಣು ಹಾಯಿಸಿದರು. ಅಷ್ಟೇ. ನಾವು ಹಿಂದೆ ಕೂತಿದ್ದವರೆಲ್ಲ ತಿರುಗಿ ಬಾಗಿಲು ನೋಡಿದೆವು. ನಾನು ಊರಿಗೆ ಬಂದು ಇದನ್ನೇ ಬರೆದುಕೊಟ್ಟೆ. ಮರುದಿನ ಪತ್ರಿಕೆಯಲ್ಲಿ ಬಂದದ್ದು ಮುಖ್ಯ ಅತಿಥಿಯ ಭಾಷಣ ಮಾತ್ರ. ಅಮ್ಮನ ಹೆಸರೂ ಹೋಗಿತ್ತು, ಬಾಗಿಲೂ ಹೋಗಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಈಗ ಈ ಕಚೇರಿಗೆ ಬರುವ ರಂಗಪ್ರವೇಶದ ಪ್ರಕಟಣೆಗಳನ್ನು ನೋಡುತ್ತೇನಲ್ಲ, ಅದೇ ಕತೆ. ಹುಡುಗಿಯ ಫೋಟೊ ಎಂಟು ಹತ್ತು. ಅಪ್ಪ ಅಮ್ಮನ ಉದ್ಯೋಗ ಇರುತ್ತದೆ. ಅತಿಥಿಗಳ ಹೆಸರಿನ ಹಿಂದೆ ಮುಂದೆ ಇರುವ ಪದವಿಗಳೆಲ್ಲ ತಪ್ಪದೇ ಇರುತ್ತವೆ. ಕಛೇರಿಯ ಮುಖ್ಯ ನೃತ್ಯವಾದ ವರ್ಣ ಯಾರ ರಚನೆ? ಇಲ್ಲ. ತಾಳ ಹಿಡಿದು ಜತಿ ಹೇಳುವ ನಟುವಾಂಗ ಯಾರದು, ಹಾಡಿದವರು ಯಾರು, ಮೃದಂಗ ಯಾರದು? 'ಹಿಮ್ಮೇಳದಲ್ಲಿ ಮತ್ತಿತರರು'. ಎರಡು ಗಂಟೆ ಬಿಡದೆ ಜತಿ ಹೇಳಿದವರು ಮತ್ತಿತರರಾ? ಪರೀಕ್ಷೆಯ ಕತೆಯೂ ಅಷ್ಟೆ. ಜೂನಿಯರ್, ಸೀನಿಯರ್, ವಿದ್ವತ್ ಅಂತ ಮಕ್ಕಳು ಓಡುತ್ತಿದ್ದಾರೆ. 28 ಅಸಂಯುತ ಹಸ್ತಗಳನ್ನು, ಅಂದರೆ ಒಂದೇ ಕೈಯ ಮುದ್ರೆಗಳನ್ನು, ಒಂದೇ ಉಸಿರಿಗೆ ಒಪ್ಪಿಸುವ ಮಗುವನ್ನು, ನಿನ್ನ ಟೀಚರಿಗೆ ಕಲಿಸಿದವರು ಯಾರಮ್ಮಾ ಅಂತ ಕೇಳಿ ನೋಡಿ. ನಾನು ಕೇಳಿದ್ದೇನೆ. ಮಗು ಅಮ್ಮನ ಮುಖ ನೋಡುತ್ತದೆ.

ಇದು ಬರೀ ಮರೆವು ಅಂತ ನನಗೆ ಅನಿಸುವುದಿಲ್ಲ. ದೇವಸ್ಥಾನಕ್ಕೆ ಹೆಣ್ಣುಮಕ್ಕಳನ್ನು ಬಿಡುವುದನ್ನು ಕಾನೂನು ನಿಲ್ಲಿಸಿತು. ಮದರಾಸಿನಲ್ಲಿ 1947ರಲ್ಲಿ, ನಮ್ಮ ರಾಜ್ಯದಲ್ಲಿ 1982ರಲ್ಲಿ. ನಿಲ್ಲಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೆಂಗಸರ ಕೈಯಲ್ಲಿದ್ದ ವಿದ್ಯೆಯನ್ನು ನಾವು ಜೋಪಾನವಾಗಿ ತೆಗೆದುಕೊಂಡೆವು, ಹೊಸ ಹೆಸರಿಟ್ಟೆವು, ಅವರ ಹೆಸರು ಹೇಳುವಾಗ ಮಾತ್ರ ದನಿ ತಗ್ಗಿಸಿದೆವು. ಎಷ್ಟೋ ಮನೆಗಳಲ್ಲಿ ಅಜ್ಜಿ ಕುಣಿಯುತ್ತಿದ್ದಳು ಅನ್ನುವುದನ್ನೇ ಮುಚ್ಚಿಟ್ಟರು. ಫೋಟೊ ಟ್ರಂಕಿನ ತಳ ಸೇರಿತು. ಜಾವಳಿಗಳು ಅವರ ಜೊತೆಗೇ ಹೋದವು.

ಅದಕ್ಕೇ ನಿಮ್ಮ ಕೊನೆಯ ಸಾಲು ನನ್ನನ್ನು ಇಷ್ಟು ಕಾಡಿದ್ದು. ನಿಮ್ಮ ಅಜ್ಜಿ ಯಾವ ಊರಿನವರೋ, ಯಾರ ಹತ್ತಿರ ಕಲಿತವರೋ ನೀವು ಬರೆದಿಲ್ಲ. ಎರಡು ಜಾವಳಿ ಹೇಳಿಕೊಟ್ಟರು ಅಂತ ಮಾತ್ರ ಬರೆದಿದ್ದೀರಿ. ಮೇಡಂ, ನೀವು ತುಂಬಾ ಮೆಚ್ಚುವವರ ಪಟ್ಟಿ ಕೊಟ್ಟಿರಿ. ಅದರಲ್ಲಿ ನಿಮ್ಮ ಕೈ ಹಿಡಿದು ತಿದ್ದಿದವರು ಒಬ್ಬರೂ ಇಲ್ಲ. ಪೋಷಕರು ಇದ್ಯಾರು ಅಂತ ಕೇಳುತ್ತಾರೆ ಅಂತ ಹೆದರಿಕೆ ಯಾಕೆ? ಕೇಳಲಿ ಅಂತಲೇ ಅಲ್ವಾ ಫೋಟೊ ಹಾಕುವುದು? ಪಾವ್ಲೋವಾ ಯಾರು ಅಂತ ಫೋನ್ ನೋಡಿದರೆ ಮಕ್ಕಳಿಗೆ ಗೊತ್ತಾಗುತ್ತದೆ. ನಿಮ್ಮ ಅಜ್ಜಿ ಯಾರು ಅಂತ ನೀವು ಹೇಳಿದರೆ ಮಾತ್ರ ಗೊತ್ತಾಗುವುದು.

ಆರನೇ ಮೊಳೆಗೆ ಅವರನ್ನೇ ಹಾಕಿ. ತಾಯಮ್ಮನವರಿಗೂ ಗೌರಿ ಅಮ್ಮಾಳ್‌ಗೂ ಇನ್ನೆರಡು ಮೊಳೆ ಹೊಡೆಸಿ. ಮತ್ತೆ ಆ ಫೋಟೊದ ಒಂದು ಪ್ರತಿ ನನಗೂ ಕಳಿಸಿ, ಮಸುಕಾಗಿದ್ದರೂ ಪರವಾಗಿಲ್ಲ. ಜೊತೆಗೆ ಆ ಎರಡು ಜಾವಳಿಗಳ ಸಾಹಿತ್ಯ, ರಾಗ, ತಾಳ, ಅವರು ಯಾವ ಸಾಲಿಗೆ ಏನು ಸಂಚಾರಿ (ಸಾಲನ್ನು ಅಭಿನಯದಲ್ಲಿ ಬೆಳೆಸುವ ಬಗೆ) ಹೇಳಿಕೊಡುತ್ತಿದ್ದರು ಅನ್ನುವುದು, ನೆನಪಿದ್ದಷ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ. ಅವರ ಪೂರ್ತಿ ಹೆಸರು, ಊರಿನ ಹೆಸರು, ಇನಿಷಿಯಲ್ ಸಮೇತ ಬಿಡಿಸಿ ಬರೆಯಿರಿ.